ಇಳಿಯದ ಮುಂದಿನ ಚಕ್ರ, ಅತ್ತೆಯವರ ಕೊಬ್ಬರಿ

ಶೆಟ್ಟಿಕೆರೆ ಬಸ್ಸಿನಲ್ಲಿ ಹೊಸಬರು ಯಾರಾದರೂ ನನ್ನ ಪಕ್ಕ ಕೂತರೆ ಕಂಡಕ್ಟರ್ ನನ್ನ ಪರಿಚಯ ಮಾಡಿಸುವುದು ಒಂದೇ ಮಾತಿನಲ್ಲಿ: "ಇವ್ರು ಏರೋಪ್ಲೇನ್ ಓಡುಸ್ತಿದ್ದೋರು ಕಣ್ರೀ." ನಾನು ಓಡಿಸಿದವನಲ್ಲ. ಓಡಿಸುವವರು ಮೇಲೆ ಕೂತಿದ್ದಾಗ ಕೆಳಗೆ ಚಕ್ರ ನೆಟ್ಟಗಿದೆಯೋ ಇಲ್ಲವೋ ಎಂದು ಬಗ್ಗಿ ನೋಡಿದವನು. ಮೊದಮೊದಲು ತಿದ್ದುತ್ತಿದ್ದೆ. ತಿದ್ದಿದಷ್ಟೂ ಜನ ಅದನ್ನು ವಿನಯ ಎಂದುಕೊಂಡು ಇನ್ನಷ್ಟು ಹೊಗಳುತ್ತಿದ್ದರಿಂದ ಈಗ ಸುಮ್ಮನಿರುತ್ತೇನೆ.

ನಿವೃತ್ತನಾಗಿ ಊರಿಗೆ ಬಂದ ಹೊಸದರಲ್ಲಿ ಪಕ್ಕದ ತೋಟದ ಚಂದ್ರಣ್ಣ ತನ್ನ ನೀರೆತ್ತುವ ಮೋಟಾರನ್ನು ಹೊತ್ತು ತಂದು ನಮ್ಮ ಜಗಲಿಯ ಮೇಲಿಟ್ಟ. "ಅಣ್ಣ, ಇಮಾನ ರಿಪೇರಿ ಮಾಡಿದ್ ಕೈ ನಿಂದು, ಇದ್ಯಾವ ಲೆಕ್ಕ ಬುಡು" ಅಂದ. ಮರ್ಯಾದೆ ಪ್ರಶ್ನೆ, ಬಿಚ್ಚಿದೆ. ಬಿಚ್ಚಿದ್ದು ಮತ್ತೆ ಕೂಡಲಿಲ್ಲ. ಕೊನೆಗೆ ಇಬ್ಬರೂ ಗೋಣಿಚೀಲದಲ್ಲಿ ತುಂಬಿಕೊಂಡು ತಿಪಟೂರಿಗೆ ಒಯ್ದೆವು. ಅಲ್ಲಿನ ಮೋಟಾರ್ ರಿಪೇರಿಯವನು ಒಂದೊಂದೇ ತುಂಡು ಎತ್ತಿ ನೋಡಿ, "ಇದನ್ನ ಯಾವನ್ಲಾ ಬಿಚ್ಚಿದ್ದು" ಎಂದು ಕೇಳಿದಾಗ ಚಂದ್ರಣ್ಣ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆ ಉಪಕಾರವನ್ನು ನಾನು ಮರೆತಿಲ್ಲ.

ಈಗ ನಮ್ಮ ಕಡೆಯ ನಾಲ್ಕಾರು ಹುಡುಗರು, ಇಬ್ಬರು ಹುಡುಗಿಯರು ವಿಮಾನ ರಿಪೇರಿಯ ಕೋರ್ಸಿಗೆ ಸೇರಿದ್ದಾರೆ. ರಜೆಗೆ ಬಂದಾಗ ನಮ್ಮ ಮನೆಗೂ ಬಂದು, "ಸಾರ್, ಯಾವ ಬುಕ್ ಓದ್ಬೇಕು" ಎನ್ನುತ್ತಾರೆ. ಪುಸ್ತಕದಲ್ಲಿ ಇರುವುದನ್ನು ಅವರು ನನಗಿಂತ ಚೆನ್ನಾಗಿ ಓದಿಕೊಂಡಿದ್ದಾರೆ. ನಾನು ಹೇಳುವುದೆಲ್ಲ ಅದರಲ್ಲಿ ಇಲ್ಲದ ಸಂಗತಿಗಳು. ಪ್ರತಿ ಸಲವೂ ಅದನ್ನೇ ಕೇಳಿ ಬೇಸತ್ತ ನನ್ನ ಹೆಂಡತಿ ಗೌರಿ, "ಬರ್ದಿಟ್ಬುಡ್ರೀ, ಕಾಫಿಪುಡಿನಾದ್ರೂ ಉಳಿಯುತ್ತೆ" ಎಂದಳು. ಅದಕ್ಕೇ ಕೂತಿದ್ದೇನೆ.

ನನ್ನದು ಲ್ಯಾಂಡಿಂಗ್ ಗೇರ್ ಕೆಲಸ. ಅಂದರೆ ವಿಮಾನದ ಕಾಲು, ಚಕ್ರ, ಅವನ್ನು ಇಳಿಸಿ ಮಡಚುವ ಎಣ್ಣೆಯ ಕೊಳವೆಗಳು. ನಮ್ಮದು ಎರಡು ಪ್ರೊಪೆಲರ್‌ಗಳ ಸಣ್ಣ ವಿಮಾನ, ಇಪ್ಪತ್ತು ಜನವೂ ಹಿಡಿಸುತ್ತಿರಲಿಲ್ಲ. ಬೆಂಗಳೂರಿನಿಂದ ಸಣ್ಣಪುಟ್ಟ ಊರುಗಳಿಗೆ ಹೋಗಿ ಬರುತ್ತಿತ್ತು. ಈ ಕೆಲಸದಲ್ಲಿ ಹೊಗಳಿಕೆ ನಿರೀಕ್ಷಿಸಬೇಡಿ. ವಿಮಾನ ನಯವಾಗಿ ಇಳಿದರೆ ಜನ ಪೈಲಟ್‌ಗೆ ಚಪ್ಪಾಳೆ ಹೊಡೆಯುತ್ತಾರೆ. ಧಡಕ್ಕನೆ ಇಳಿದರೆ, "ಯಾಕೋ ಚಕ್ರನೇ ಸರಿಯಿಲ್ಲ" ಎನ್ನುತ್ತಾರೆ.

ನಮ್ಮ ಮೇಲಿನವರು ಪಿಳ್ಳೈ ಸಾಹೇಬರು. ಬಲು ಪ್ರಾಮಾಣಿಕರು, ಗಂಟಲು ಮಾತ್ರ ವಿಪರೀತ. ಅವರು ವಿಮಾನ ನಿಲ್ಲಿಸುವ ಹ್ಯಾಂಗರಿನ ಈ ತುದಿಯಲ್ಲಿ ಕೂಗಿದರೆ ಆ ತುದಿಯಲ್ಲಿದ್ದವನ ಕೈಯ ಸ್ಪ್ಯಾನರ್ ಕೆಳಗೆ ಬೀಳುತ್ತಿತ್ತು. ಕೆಲಸ ಮುಗಿದ ಮೇಲೆ ಪ್ರತಿ ಸಲಕರಣೆಯೂ ಪೆಟ್ಟಿಗೆಗೆ ವಾಪಸು ಬಂದಿದೆಯೇ ಎಂದು ನೋಡಬೇಕು, ಒಂದು ಸಿಗದಿದ್ದರೂ ವಿಮಾನ ಹೊರಡುವಂತಿಲ್ಲ. ಒಂದು ದಿನ ಸಿಗದೆ ಹೋದದ್ದು ಸಾಹೇಬರ ಕನ್ನಡಕ. ಎಂಜಿನ್ ಹತ್ತಿರ ಬಗ್ಗಿದ್ದಾಗ ಬಿದ್ದಿದೆ ಎಂದು ಅವರೇ ಕೂಗಾಡಿ, ಪ್ರಯಾಣಿಕರನ್ನು ಕಾಯಿಸಿ, ಎಂಜಿನ್ನಿನ ಹೊದಿಕೆಯನ್ನೆಲ್ಲ ಬಿಚ್ಚಿಸಿದರು. ಕನ್ನಡಕ ಅವರ ಹಣೆಯ ಮೇಲಿತ್ತು. ನಮಗೆಲ್ಲ ಕಾಣುತ್ತಿತ್ತು. ಹೇಳಲು ಒಬ್ಬರಿಗೂ ಧೈರ್ಯ ಬರಲಿಲ್ಲ. ಕಾಫಿ ತಂದ ಕ್ಯಾಂಟೀನಿನ ಅಮ್ಮ, "ಹಣೆ ಮೇಲೆ ಯಾಕ್ ಸಾರ್ ಇಟ್ಕೊಂಡಿದ್ದೀರಾ" ಎಂದು ಕೇಳಿದಾಗಲೇ ಆ ಪ್ರಕರಣ ಮುಗಿದದ್ದು.

ಆಗ ಕೆಲಸದ ರೀತಿಯೇ ಬೇರೆ. ಚಕ್ರ ಮಡಚಿ ಬಿಚ್ಚುವುದನ್ನು ಪರೀಕ್ಷಿಸಲು ವಿಮಾನವನ್ನು ಜಾಕಿನ ಮೇಲೆ ಎತ್ತಿ ನಿಲ್ಲಿಸುತ್ತಿದ್ದೆವು. ಒಳಗಿನವನು "ಮೇಲೆ" ಎಂದು ಕೂಗಿ ಲಿವರ್ ಎಳೆಯಬೇಕು, ಕೆಳಗಿದ್ದ ನಾನು ಕಿವಿಗೊಟ್ಟು ಕೇಳಬೇಕು. ಬೀಗ ಬೀಳುವ ಸದ್ದು ಸರಿಯಿದ್ದರೆ ಸರಿ. ಈಗ ಎಲ್ಲರ ಕೈಯಲ್ಲೂ ಟ್ಯಾಬ್ಲೆಟ್ ಇದೆ, ಯಾವ ಭಾಗ ಕೆಟ್ಟಿದೆ ಎಂದು ಅದೇ ನಂಬರು ಸಮೇತ ಹೇಳುತ್ತದೆ. ಒಳ್ಳೆಯದೇ. ನಮ್ಮ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ, ನನ್ನ ಸೊಂಟ ಹಾಗೆ ಹೇಳಲು ಬಿಡುವುದೂ ಇಲ್ಲ. ಆದರೆ ಟ್ಯಾಬ್ಲೆಟ್ ನೋಡಿದ ಮೇಲೆ ಒಮ್ಮೆ ಬಗ್ಗಿಯೂ ನೋಡಿ. ಬಯಲುಸೀಮೆಯ ಒಂದು ಸಣ್ಣ ನಿಲ್ದಾಣದಲ್ಲಿ ಬೇಲಿ ಮುರಿದು ಕುರಿಮಂದೆ ಒಳಗೆ ನುಗ್ಗಿ, ರೆಕ್ಕೆಯ ನೆರಳಿನಲ್ಲಿ ಮಲಗಿಬಿಟ್ಟಿತ್ತು. ಎಲ್ಲವನ್ನೂ ಓಡಿಸಿದೆವು ಅಂದುಕೊಂಡೆವು. ಹೊರಡುವ ಮುಂಚೆ ಬಗ್ಗಿದರೆ ಮುಂದಿನ ಚಕ್ರಕ್ಕೆ ಒರಗಿಕೊಂಡು ಒಂದು ಮರಿ ಸುಖನಿದ್ದೆಯಲ್ಲಿದೆ. ಕುರಿಯವನು ನಮ್ಮ ಹುಳಿಯಾರು ಕಡೆಯವನೇ. ನನ್ನ ಮಾತು ಕೇಳಿ ಗುರುತು ಹಿಡಿದು, "ನಮ್ಮೋರೇ ಆಗಿ ನೀವೇ ಓಡ್ಸಿದ್ರೆ ಎಂಗಣ್ಣ" ಎಂದು ಮರಿಯನ್ನು ಹೆಗಲಿಗೆ ಹಾಕಿಕೊಂಡು ಹೋದ.

ಇನ್ನು ಹುಡುಗರು ಮತ್ತೆ ಮತ್ತೆ ಕೇಳುವ ಪ್ರಕರಣಕ್ಕೆ ಬರುತ್ತೇನೆ. ಅದಕ್ಕೆ ಮುಂಚೆ ನಮ್ಮ ಅತ್ತೆ, ಗೌರಿಯ ತಾಯಿ ಪಾರ್ವತಮ್ಮನವರ ವಿಷಯ ಹೇಳಬೇಕು. ಅವರದು ತುರುವೇಕೆರೆ ಕಡೆಯ ಹಳ್ಳಿ, ತೆಂಗಿನ ತೋಟದ ಮನೆತನ. ನಮ್ಮ ಕಡೆಯ ಹಳೇ ಮನೆಗಳಲ್ಲಿ ಅತ್ತೆಯಾದವರು ಅಳಿಯನ ಜೊತೆ ಮುಖ ಕೊಟ್ಟು ಮಾತಾಡುವುದಿಲ್ಲ. ಮಗಳ ಮೂಲಕವೋ ಮಗನ ಮೂಲಕವೋ ಹೇಳಿ ಕಳಿಸುತ್ತಾರೆ. ಎಲ್ಲ ಕಡೆ ಇದು ಸಡಿಲವಾದರೂ ಪಾರ್ವತಮ್ಮನವರು ಬಿಡಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಅವರು ಹಜಾರದ ಕಂಬಕ್ಕೆ ಹೇಳುತ್ತಿದ್ದರು: "ಅಳಿಯಂದ್ರು ಕಾಫಿ ಕುಡುದ್ರೋ ಇಲ್ವೋ." ನಾನೂ ಕಂಬಕ್ಕೇ, "ಕುಡ್ದಾಯ್ತು" ಎನ್ನುತ್ತಿದ್ದೆ. ಆ ಕಂಬಕ್ಕೆ ನಮ್ಮಿಬ್ಬರ ಸಂಸಾರವೆಲ್ಲ ಗೊತ್ತಿತ್ತು.

ಗೌರಿಯ ತಂಗಿ ಮಂಗಳಳನ್ನು ಹುಬ್ಬಳ್ಳಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆ, ಅಲ್ಲಿಯೇ ಆಗಬೇಕೆಂದು ಡಾಕ್ಟರು ಹೇಳಿದ್ದರು. ದಿನಕ್ಕೆ ಮುಂಚೆಯೇ ನೋವು ಕಾಣಿಸಿಕೊಂಡಿದೆ, ಏನೋ ತೊಡಕಿದೆಯಂತೆ ಎಂದು ಫೋನ್ ಬಂದಾಗ ಅತ್ತೆಯವರು ನಮ್ಮ ಬೆಂಗಳೂರಿನ ಮನೆಯಲ್ಲಿದ್ದರು. ಊರಿನಿಂದ ಬಾಣಂತನದ ಸಾಮಾನನ್ನೆಲ್ಲ ಕಟ್ಟಿಕೊಂಡೇ ಬಂದಿದ್ದರು. "ಇಷ್ಟು ವರ್ಷ ಇಮಾನ ತಿಕ್ಕಿದ್ದೀರಾ, ಅಮ್ಮನ್ನ ಒಂದಿನ ಕೂರಿಸಲಿಲ್ಲ" ಎಂದು ಗೌರಿ ಹಠ ಹಿಡಿದಳು. ಮರುದಿನ ಹುಬ್ಬಳ್ಳಿ ವಿಮಾನದಲ್ಲಿ ನನ್ನ ಡ್ಯೂಟಿ ಇತ್ತು. ಆ ಕಡೆ ಮೆಕ್ಯಾನಿಕ್ ಇಲ್ಲದ್ದರಿಂದ ನಮ್ಮಲ್ಲೊಬ್ಬರು ಜೊತೆಯಲ್ಲೇ ಹೋಗಿ ಬರುವುದು ಪದ್ಧತಿ. ಟಿಕೆಟ್ ಮಾಡಿಸಿದೆ.

ಒಂದೇ ಒಂದು ಮಾತನ್ನು ಗೌರಿಯ ಮೂಲಕ ಹೇಳಿ ಕಳಿಸಿದೆ. ಏನು ಬೇಕಾದರೂ ತರಲಿ, ಕೊಬ್ಬರಿ ಬೇಡ. ವಿಮಾನಕ್ಕೆ ಕೊಬ್ಬರಿ ನಿಷಿದ್ಧ. ಅದರಲ್ಲಿ ಎಣ್ಣೆ ಜಾಸ್ತಿ, ಕಾವು ತಾಗಿದರೆ ಹೊತ್ತಿಕೊಳ್ಳುತ್ತದೆ ಎಂದು ನಿಯಮದಲ್ಲಿ ಅದನ್ನು ಅಪಾಯದ ಸಾಮಾನಿನ ಜೊತೆ ಸೇರಿಸಿದ್ದಾರೆ. ಈ ವಿಷಯವನ್ನು ತಿಪಟೂರು ಸೀಮೆಯವರಿಗೆ ಹೇಳಿ ನೋಡಿ, ಅವಮಾನವಾದ ಹಾಗೆ ನೋಡುತ್ತಾರೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾದು, ಒಳಗೇ ಒಣಗಿ ಗಡಗಡ ಎನ್ನುವ ಉಂಡೆ ಕೊಬ್ಬರಿ ನಮಗೆ ಮಗುವಿನ ಹಾಗೆ. ಬಾಣಂತಿಯ ಮನೆಗೆ ಕೊಬ್ಬರಿ ಇಲ್ಲದೆ ಹೋಗುವುದೆಂದರೆ ಮದುವೆಗೆ ತಾಳಿ ಇಲ್ಲದೆ ಹೋದಂತೆ. ಗೌರಿ ಹೋಗಿ ಬಂದು, "ಆಯ್ತಂತೆ" ಎಂದಳು. ಅತ್ತೆಯವರು ಹಾಗೆ ಸುಲಭವಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಆಗ ಸಣ್ಣ ವಿಮಾನಗಳ ಸಾಮಾನು ತಪಾಸಣೆ ಈಗಿನಷ್ಟು ಬಿಗಿಯಾಗಿರಲಿಲ್ಲ. ಜೊತೆಗೆ ನಮ್ಮ ಲೋಡರುಗಳು, "ಶಿವಲಿಂಗಣ್ಣನ ಅತ್ತೆ" ಎಂದು ಗೌರವದಿಂದ ಅವರ ಹಾಸಿಗೆ ಸುತ್ತನ್ನು ತಾವೇ ಹೊತ್ತು, ಹಿಂದೆ ಜಾಗ ತುಂಬಿದ್ದರಿಂದ ವಿಮಾನದ ಮೂತಿಯಲ್ಲಿರುವ ಡಬ್ಬಿಗೆ ಹಾಕಿದರು. ಅತ್ತೆಯವರು ಮುಂದಿನ ಸಾಲಿನಲ್ಲಿ, ನಾನು ಬಾಗಿಲ ಹತ್ತಿರದ ಕೊನೆಯ ಸಾಲಿನಲ್ಲಿ ಕೂತೆವು. ಅವರ ಪಕ್ಕ ಹುಬ್ಬಳ್ಳಿಯ ಬಟ್ಟೆ ವ್ಯಾಪಾರಿ ಈರಣ್ಣ ಎಂಬುವರು. ವಿಮಾನ ಮೇಲೇರುವಷ್ಟರಲ್ಲಿ ಅತ್ತೆಯವರು ಅವರ ಮನೆಯವರ ಹೆಸರನ್ನೆಲ್ಲ ಕೇಳಿ ತಿಳಿದುಕೊಂಡಿದ್ದರು.

ಹುಬ್ಬಳ್ಳಿ ಹತ್ತಿರವಾಯಿತು. ಚಕ್ರ ಇಳಿಸುವ ಲಿವರ್ ಹಾಕಿದರೆ ಮೂರು ಹಸಿರು ದೀಪ ಹತ್ತಬೇಕು. ಹತ್ತಿದ್ದು ಎರಡು. ಮುಂದಿನ ಚಕ್ರದ ದೀಪ ಕೆಂಪಗೇ ಉಳಿಯಿತು. ಕೋ-ಪೈಲಟ್ ತಿರುಗಿ ನನಗೆ ಕೈ ಮಾಡಿದ. ನಿಲ್ದಾಣದ ಮೇಲೆ ತಗ್ಗಿನಲ್ಲಿ ಒಂದು ಸುತ್ತು ಹಾರಿದಾಗ ಟವರ್‌ನವರು ದುರ್ಬೀನು ಹಿಡಿದು ನೋಡಿ ಹೇಳಿದರು: ಹಿಂದಿನ ಚಕ್ರಗಳು ಸರಿಯಾಗಿ ಇಳಿದಿವೆ, ಮುಂದಿನದು ಮಾತ್ರ ಓರೆಯಾಗಿ ಗೂಡಿನಲ್ಲೇ ಸಿಕ್ಕಿಕೊಂಡಿದೆ. ನಮ್ಮ ಅತ್ತೆ ಬಾಗಿಲ ಸಂದಿಯಿಂದ ಹಜಾರ ನೋಡುವ ಹಾಗೆ ಸ್ವಲ್ಪವೇ ಇಣುಕುತ್ತಿತ್ತು.

ಇಂಥ ಹೊತ್ತಿಗೆಂದೇ ಪೈಲಟ್‌ಗಳ ಬಳಿ ಒಂದು ಕೈಪಂಪು ಇರುತ್ತದೆ. ಊರಬಾಗಿಲ ಬೋರ್‌ವೆಲ್ ಹೊಡೆದ ಹಾಗೆ ಹೊಡೆಯಬೇಕು. ಕೋ-ಪೈಲಟ್ ಹೊಡೆದ, ನಾನು ಹೊಡೆದೆ, ಅಂಗಿ ಬೆನ್ನಿಗೆ ಅಂಟಿಕೊಂಡಿತು. ದೀಪ ಕೆಂಪಗೇ ಇತ್ತು. ಕ್ಯಾಪ್ಟನ್ ಉತ್ತಪ್ಪ ಕೊಡಗಿನವರು, ಆಕಾಶವೇ ಕಳಚಿದರೂ ದನಿ ಎತ್ತುವವರಲ್ಲ. "ಶಿವಲಿಂಗಣ್ಣ, ನಿಮ್ಮ ಚಕ್ರಕ್ಕೆ ಇವತ್ತು ಬರಲು ಮನಸ್ಸಿಲ್ಲ. ಬೆಂಗಳೂರಿಗೇ ಹೋಗೋಣ. ಅಲ್ಲಿ ರನ್‌ವೇ ಉದ್ದ, ಬೆಂಕಿ ಆರಿಸುವ ದೊಡ್ಡ ಗಾಡಿಗಳಿವೆ" ಎಂದರು. ಲೆಕ್ಕಾಚಾರ ಸರಳವಾಗಿತ್ತು. ಹಿಂದಿನ ಎರಡು ಚಕ್ರಗಳ ಮೇಲೆ ಇಳಿಯುವುದು, ಮೂತಿಯನ್ನು ಆದಷ್ಟು ಹೊತ್ತು ಎತ್ತಿ ಹಿಡಿಯುವುದು. ಕೊನೆಗೆ ಅದು ನೆಲಕ್ಕೆ ತಾಗಿ ಉಜ್ಜಿಕೊಂಡು ಹೋಗುತ್ತದೆ, ಕಿಡಿ ಹಾರುತ್ತದೆ. ಹೆಚ್ಚೇನೂ ಆಗಲಾರದು. ಮೂತಿ ಹಗುರಾಗಲೆಂದು ಪ್ರಯಾಣಿಕರೆಲ್ಲ ಆದಷ್ಟು ಹಿಂದಕ್ಕೆ ಕೂರಬೇಕು.

ಪ್ರಯಾಣಿಕರಿಗೆ ಹೇಳುವ ಕೆಲಸ ನನ್ನದಾಯಿತು. ಹೇಳಿದೆ. ಅಳು, ದೇವರ ನಾಮ, ಎಲ್ಲ ಆದವು. ಕೊನೆಯ ಸಾಲಿನಲ್ಲಿ ಮೂರು ಸೀಟು ಒಟ್ಟಿಗಿದ್ದವು. ಅತ್ತೆಯವರು ಮೈಕೈ ತುಂಬಿಕೊಂಡಿದ್ದವರು, ತೂಕ ಹಿಂದಿರಲೆಂದು ಅವರು ಕೊನೆಯ ಸಾಲಿಗೇ ಬರಬೇಕಿತ್ತು. ನನ್ನ ಪಕ್ಕದ ಸೀಟು ತೋರಿಸಿದೆ. ಅವರು ಈರಣ್ಣನವರ ಕಡೆ ತಿರುಗಿ, "ಅಳಿಯಂದ್ರ ಪಕ್ದಲ್ಲಿ ಸರಿಸಮ ಕೂರಕಾಗಲ್ಲ ಅಂತ ಹೇಳಪ್ಪ" ಎಂದರು.

ಈರಣ್ಣ ನನಗೆ ದಾಟಿಸಿದರು. "ನಿಮ್ಮ ಅತ್ತಿಯವ್ರು ಒಲ್ಲೆ ಅನ್ನಾಕತ್ತಾರ್ರೀ."

"ನೀವು ನಡುವೆ ಕೂತ್ಕೊಳ್ಳಿ ಸಾರ್" ಎಂದೆ. ಹಾಗೆ ಕಿಟಕಿಯ ಬಳಿ ಅತ್ತೆ, ಈ ತುದಿಯಲ್ಲಿ ನಾನು, ನಡುವೆ ನಮ್ಮ ಕಂಬದ ಸ್ಥಾನದಲ್ಲಿ ಈರಣ್ಣ ಕೂತೆವು.

ಇಂಧನ ಕಮ್ಮಿಯಾಗಲೆಂದು ಬೆಂಗಳೂರಿಗೆ ಮುಂಚೆಯೇ ಆಕಾಶದಲ್ಲಿ ಸುತ್ತು ಹಾಕಲು ಹೇಳಿದರು. ನಮಗೆ ಸಿಕ್ಕಿದ್ದು ತಿಪಟೂರು ತುರುವೇಕೆರೆಯ ಮೇಲಿನ ಆಕಾಶ. ಕೆಳಗೆ ತೆಂಗಿನ ತೋಟ, ನಡುನಡುವೆ ಕೆರೆ, ಮತ್ತೆ ತೋಟ. ಅತ್ತೆಯವರು ಕಿಟಕಿಗೆ ಹಣೆ ಒತ್ತಿ ನೋಡಿದರು. "ಅಗೋ, ನಮ್ ಕಡೆ ಕಣಪ್ಪ. ಇಲ್ಲೇ ಎಲ್ಲಾದ್ರೂ ಇಳ್ಸಕ್ ಹೇಳು, ನಡ್ಕಂಡ್ ಹೋಯ್ತೀನಿ" ಎಂದರು. ಮುಂದಿನ ಸಾಲಿನಲ್ಲಿ ಅಳುತ್ತಿದ್ದ ಹೆಂಗಸೊಬ್ಬರು ನಕ್ಕುಬಿಟ್ಟರು. ಆ ನಗು ನಮಗೆಲ್ಲ ಬೇಕಾಗಿತ್ತು.

ಅತ್ತೆಯವರು ಕಿಟಕಿ ಬಿಟ್ಟು ಈಚೆ ತಿರುಗಿದರು. ಆಮೇಲೆ ಈರಣ್ಣನವರ ಕಿವಿಯಲ್ಲಿ ಏನೋ ಹೇಳಿದರು.

"ನಿಮ್ಮ ಅತ್ತಿಯವ್ರು ಕೇಳಾಕತ್ತಾರ್ರೀ, ಮೂತಿ ನೆಲಕ್ಕ ಉಜ್ಜಿದ್ರ ಮುಂದಿನ ಡಬ್ಬಿಯೊಳಗಿನ ಸಾಮಾನು ಬಿಸಿ ಆಗ್ತಾವೇನು ಅಂತ."

"ಆಗಬಹುದು. ಸೀರೆ ಗೀರೆ ಸುಟ್ಟುಹೋದರೆ ಹೊಸದು ತಗೊಳ್ಳೋಣ ಅನ್ನಿ."

ಮತ್ತೆ ಪಿಸುಮಾತು. "ಎಷ್ಟು ಬಿಸಿ ಅಂತ ಕೇಳಾಕತ್ತಾರ್ರೀ. ದೋಸೆ ಕಾವಲಿಯಷ್ಟೋ, ಒಲಿಯಷ್ಟೋ?"

ಅಳಿಯನಿಗೆ ಅರ್ಥವಾಗದಿದ್ದರೂ ಮೆಕ್ಯಾನಿಕ್‌ಗೆ ಅರ್ಥವಾಯಿತು. ನಾನು ಮುಂದಕ್ಕೆ ಬಾಗಿ ಅವರ ಮುಖ ನೋಡಿದೆ. ಅವರು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕಿಟಕಿಯ ಕಡೆ ತಿರುಗಿದರು. ತಿರುಗಿದವರು ಸೆರಗು ಬಿಟ್ಟು ಈಚೆ ತಿರುಗಿ, ಈರಣ್ಣನವರನ್ನು ಒಂದು ಕೈಯಲ್ಲಿ ಹಿಂದಕ್ಕೆ ಒತ್ತಿ, ನನ್ನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದರು. ಮದುವೆಯಾದಾಗಿನಿಂದ ಅದೇ ಮೊದಲು.

"ಹಾಸ್ಗೆ ಒಳ್ಗೆ ಕೊಬ್ರಿ ಐತೆ ಕಣಪ್ಪ. ಅರ್ಧ ಚೀಲ. ನೀನ್ ಬ್ಯಾಡ ಅಂದಿದ್ದೆ, ಬಾಣಂತಿಗೆ ಅಂತ ನಾನೇ ಸುತ್ತಿ ಇಟ್ಟೆ. ನಮ್ಮಟ್ಟಿಲಿ ಒಂದ್ಸಲ ಅಟ್ಟಕ್ಕೆ ಬೆಂಕಿ ಬಿದ್ದು ನೋಡಿದ್ದೀನಿ. ಅದು ಹತ್ಕಂಡ್ರೆ ಬಿಡಲ್ಲ. ಇಷ್ಟು ಜನ ಅವ್ರೆ."

ನೆಲಕ್ಕೆ ಉಜ್ಜುವುದು ಆ ಡಬ್ಬಿಯ ತಳವೇ. ಹಾರುತ್ತಿರುವಾಗ ಒಳಗಿನಿಂದ ಅದರ ಬಾಗಿಲು ತೆಗೆಯಲು ಬರುವುದಿಲ್ಲ. ಅದರ ಹಿಂದೆಯೇ ಪೈಲಟ್‌ಗಳ ಕಾಲು, ಅವರ ಹಿಂದೆ ನಾವು. ಎದ್ದು ಮುಂದೆ ಹೋಗಿ ಕ್ಯಾಪ್ಟನ್‌ಗೆ ಹೇಳಿದೆ.

"ಎಷ್ಟಿದೆ?"

"ಅರ್ಧ ಚೀಲ ಸಾರ್."

"ಯಾರದ್ದು?"

"ನಮ್ಮ ಅತ್ತೆಯವರದ್ದು."

"ಈಗಲಾದರೂ ಹೇಳಿದರಲ್ಲ. ಗೊತ್ತಿಲ್ಲದೆ ಇಳಿದಿದ್ದರೆ ಬೆಂಕಿ ಆರಿಸುವವರು ಇಂಧನವಿರುವ ರೆಕ್ಕೆಯ ಹತ್ತಿರವೇ ನಿಲ್ಲುತ್ತಿದ್ದರು" ಎಂದು ಕ್ಯಾಪ್ಟನ್ ರೇಡಿಯೋ ತೆಗೆದುಕೊಂಡರು. ಮುಂದಿನ ಡಬ್ಬಿಯಲ್ಲಿ ಕೊಬ್ಬರಿ ಇದೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಟವರ್‌ನವರು ಇನ್ನೊಮ್ಮೆ ಹೇಳಿ ಎಂದರು. ಕ್ಯಾಪ್ಟನ್ ಅಕ್ಷರ ಬಿಡಿಸಿ ಹೇಳಿದರು. ಆ ಕಡೆಯಿಂದ ಇಂಗ್ಲಿಷ್ ಬಿಟ್ಟು ಒಂದು ದನಿ ಕೇಳಿತು: "ತಿಪಟೂರಿಂದಾ ಸಾರ್?" ಕ್ಯಾಪ್ಟನ್ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. "ಹೌದಂತೆ" ಎಂದರು.

ಅದಾದ ಮೇಲೆ ಎಲ್ಲ ಬದಲಾಯಿತು. ವಿಮಾನ ನಿಲ್ಲಬಹುದಾದ ಕಡೆ ನೊರೆ ಸುರಿಯುವ ಗಾಡಿ, ನಿಂತ ತಕ್ಷಣ ಮೂತಿಗೇ ಮೊದಲ ನೊರೆ, ನಾವೆಲ್ಲ ಹಿಂದಿನ ಬಾಗಿಲಿಂದ ಕೆಳಕ್ಕೆ. ನಾನು ಬಂದು ಕೂತಾಗ ಅತ್ತೆಯವರು ಈರಣ್ಣನವರ ಮಡಿಲ ಮೇಲಿಂದ ಕೈ ಚಾಚಿ ನನ್ನ ಮುಂಗೈ ಹಿಡಿದರು. ಈರಣ್ಣನವರು ಎರಡೂ ಕೈ ಮೇಲೆತ್ತಿಕೊಂಡು ಉಸಿರು ಬಿಗಿಹಿಡಿದಿದ್ದರು, ಪಾಪ.

ಹಿಂದಿನ ಚಕ್ರಗಳು ನೆಲ ಮುಟ್ಟಿದ್ದು ಗೊತ್ತೇ ಆಗಲಿಲ್ಲ. ಉತ್ತಪ್ಪನವರು ಮೂತಿಯನ್ನು ಎತ್ತಿ ಹಿಡಿದೇ ಹೋದರು. ವೇಗ ಇಳಿಯಿತು, ಇನ್ನೂ ಇಳಿಯಿತು, ಮೂತಿ ಮೆಲ್ಲಗೆ ಬಾಗಿತು. ಆಮೇಲಿನ ಸದ್ದನ್ನು ಬರೆಯಲು ನನಗೆ ಬರುವುದಿಲ್ಲ. ತಗಡಿನ ಬಾಗಿಲನ್ನು ಕಲ್ಲಿನ ಮೇಲೆ ಎಳೆದರೆ ಆಗುವ ಸದ್ದು, ಆದರೆ ನಾವು ಆ ಬಾಗಿಲ ಒಳಗಿದ್ದೆವು. ವಿಮಾನ ನಿಂತಾಗ ಕ್ಯಾಬಿನ್ ತುಂಬ ಹುರಿದ ಕೊಬ್ಬರಿಯ ವಾಸನೆ. ಹಸಿವಾಗುವಂಥ ವಾಸನೆ. ಅದರ ಬೆನ್ನಿಗೇ ಮುಂದಿನಿಂದ ಕಪ್ಪು ಹೊಗೆ ಬಂತು.

ಬಾಗಿಲು ತೆರೆದು ಒಬ್ಬೊಬ್ಬರನ್ನೇ ಇಳಿಸಿದೆ. ಎಲ್ಲ ಇಳಿದ ಮೇಲೆ ಒಳಗೆ ಯಾರೂ ಉಳಿದಿಲ್ಲವೆಂದು ನೋಡಿ ಇಳಿಯುವುದು ನನ್ನ ಕೆಲಸ. ಹೊಗೆಯಲ್ಲಿ ಕಣ್ಣು ಕಾಣುತ್ತಿರಲಿಲ್ಲ, ಬಗ್ಗಿಕೊಂಡು ಸೀಟು ಸೀಟು ತಡವುತ್ತಾ ಮುಂದಕ್ಕೆ ಹೋಗಿ ಬಂದೆ. ಪೈಲಟ್‌ಗಳು ತಮ್ಮ ಬಾಗಿಲಿಂದ ಆಗಲೇ ಇಳಿದಿದ್ದರು. ಹೆದರಿಕೆಯಾಯಿತೇ ಎಂದು ಹುಡುಗರು ಕೇಳುತ್ತಾರೆ. ಆಯಿತು. ಹೊರಗೆ ಬಂದಾಗ ಮೂತಿ ನೊರೆಯಲ್ಲಿ ಮುಳುಗಿತ್ತು, ಬೆಂಕಿ ಡಬ್ಬಿಯಿಂದ ಆಚೆ ದಾಟಿರಲಿಲ್ಲ. ಎಲ್ಲರನ್ನೂ ದೂರ ಕರೆದೊಯ್ದಿದ್ದರು. ಅತ್ತೆಯವರೊಬ್ಬರು ಮಾತ್ರ ಬೆಂಕಿ ಆರಿಸುವವನ ಕೈ ಕೊಸರಿಕೊಂಡು ಹುಲ್ಲಿನ ಮೇಲೆ ನಿಂತಿದ್ದರು. ನನ್ನನ್ನು ಕಂಡದ್ದೇ ಸೆರಗು ಸರಿಮಾಡಿಕೊಂಡು ಬೆನ್ನು ತಿರುಗಿಸಿದರು.

ಅಂದು ಸಂಜೆ ಹೇಳಿಕೆ ಗೀಳಿಕೆ ಎಲ್ಲ ಮುಗಿಸಿ ವಿಮಾನದ ಹತ್ತಿರ ನಿಂತಿದ್ದಾಗ ಟ್ರ್ಯಾಕ್ಟರ್ ಓಡಿಸುವ ನಾಗೇಶ ಬಂದ. ಬೆಳಗ್ಗೆ ವಿಮಾನ ಎಳೆಯುವಾಗ ತಿರುವಿನಲ್ಲಿ ಮುಂದಿನ ಚಕ್ರ, ಇಷ್ಟೇ ತಿರುಗಬೇಕೆಂಬ ಗುರುತಿನ ಗೆರೆ ದಾಟಿ ತಿರುಗಿತಂತೆ, ಒಳಗೆ ಏನೋ ಲಟಕ್ ಅಂದಿತಂತೆ. ಅದರಿಂದಲೇ ಚಕ್ರ ನೆಟ್ಟಗಾಗದೆ ಗೂಡಿನಲ್ಲಿ ಸಿಕ್ಕಿಕೊಂಡದ್ದು. "ಹೇಳೋಣ ಅಂತ ಬಾಗ್ಲು ಗಂಟ ಬಂದೆ ಸಾರ್. ಪಿಳ್ಳೈ ಸಾರ್ ಕೂಗಾಡ್ತಿದ್ರು. ವಾಪಸ್ ಹೋದೆ" ಎಂದು ಅತ್ತ. ಅವನನ್ನು ಪಿಳ್ಳೈಯವರ ಹತ್ತಿರ ನಾನೇ ಕರೆದೊಯ್ದೆ. ಕೂಗು ಕೇಳಲು ಕಿವಿ ಗಟ್ಟಿ ಮಾಡಿಕೊಂಡು ನಿಂತೆ. ಸಾಹೇಬರು ಪೂರ್ತಿ ಕೇಳಿಸಿಕೊಂಡು, ಕುರ್ಚಿ ಎಳೆದು ಅವನನ್ನು ಕೂರಿಸಿ, ತಾವು ನಿಂತೇ ಇದ್ದರು. "ನನಗೆ ಹೇಳೋಕ್ಕೆ ಅಷ್ಟು ಭಯವಾ?" ಎಂದರು. ಅವರ ದನಿ ಅಷ್ಟು ತಗ್ಗಬಲ್ಲದೆಂದು ನಮಗೆ ಗೊತ್ತಿರಲಿಲ್ಲ. ಹುಡುಗರೇ, ಮುಂದೆ ನೀವೂ ಮೇಲಿನವರಾಗುತ್ತೀರಿ. ಇದನ್ನು ಮಾತ್ರ ನೆನಪಿಟ್ಟುಕೊಳ್ಳಿ.

ಅದೇ ಸಂಜೆ ಹುಬ್ಬಳ್ಳಿಯಿಂದ ಫೋನ್ ಬಂತು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಕ್ಷೇಮ. ಬೆಳಗಾಗುತ್ತಲೇ ಅತ್ತೆಯವರನ್ನು ಕರೆದುಕೊಂಡು ರೈಲು ಹತ್ತಿದೆ. ನಮ್ಮ ಬೋಗಿಯಲ್ಲೇ ಈರಣ್ಣ ಕೂತಿದ್ದರು. "ಸಾಕ್ರೀಪಾ ನಿಮ್ಮ ವಿಮಾನ" ಎಂದು ನಮ್ಮಿಬ್ಬರ ನಡುವೆ ತಾವಾಗಿಯೇ ಜಾಗ ಮಾಡಿಕೊಂಡರು. ತಿಪಟೂರು ಸ್ಟೇಷನ್ನಿನಲ್ಲಿ ನನ್ನ ಭಾವಮೈದ ನಂಜುಂಡ ಓಡೋಡಿ ಬಂದು ಒಂದು ಚೀಲವನ್ನು ನಮ್ಮ ಕಾಲ ಬಳಿ ಇಳಿಸಿದ. ಬಿಚ್ಚಿ ನೋಡುವ ಅಗತ್ಯವಿರಲಿಲ್ಲ. ಅತ್ತೆಯವರು ಹಿಂದಿನ ದಿನವೇ ಫೋನ್ ಮಾಡಿಸಿದ್ದರು.

ರೈಲು ಹೊರಟಿತು. "ಅಳಿಯಂದ್ರು ತಿಂಡಿ ತಿಂತಾರಾ ಕೇಳಪ್ಪ" ಎಂದು ಅತ್ತೆಯವರು ಈರಣ್ಣನವರಿಗೆ ಹೇಳಿದರು.

ಈರಣ್ಣ ಬೆರಗಾದರು. "ಯಾಕ್ರೀ ತಾಯಿ, ನಿನ್ನೆ ನೆಟ್ಟಗ ಮಾತಾಡಿದ್ರಲ್ಲ?"

"ಅದು ಮೇಲೆ ಕಣಪ್ಪ. ಇದು ನೆಲ."

ತಿಂಡಿ ತಿಂದೆವು. ಅರಸೀಕೆರೆ ದಾಟಿತು. ಅತ್ತೆಯವರು ಕಿಟಕಿಯ ಆಚೆ ನೋಡುತ್ತಾ, ಈರಣ್ಣನವರಿಗೆ ಮೆಲ್ಲಗೆ ಹೇಳತೊಡಗಿದರು. ನಾನು ಒಂದು ಮೊಳದ ದೂರದಲ್ಲಿದ್ದೆ.

"ನಿನ್ನೆ ಎಲ್ರೂ ಇಳುದ್ರು, ಇವ್ರು ಇಳೀಲಿಲ್ಲ. ಒಳ್ಗೆ ಹೊಗೆ. ಆ ಹೊಗೆ ನನ್ ಕೊಬ್ರಿದು. ನಾನು ದೇವ್ರಿಗೆ ಹೇಳ್ದೆ, ಮೊಮ್ಮಗು ಮುಖ ನೋಡ್ಬೇಕು ಅಂತ ಹೊಂಟಿದ್ದೆ, ಅದು ಬ್ಯಾಡ. ಅದುನ್ನ ನೋಡ್ದೆಲೇ ಊರಿಗ್ ಹೊಂಟೋಯ್ತೀನಿ. ಈ ಹುಡ್ಗನ್ನ ಮಾತ್ರ ಈಚೆಗೆ ಕಳ್ಸು ಅಂತ. ಈಗ ಮಗು ಮುಖ ನೋಡ್ಲಾ, ಬ್ಯಾಡ್ವಾ, ಅಳಿಯಂದ್ರನ್ನ ಒಂದ್ ಮಾತು ಕೇಳಪ್ಪ."

ಈರಣ್ಣ ನನ್ನ ಕಡೆ ತಿರುಗಿದರು. ಎದ್ದು ಬಾಗಿಲ ಹತ್ತಿರ ಹೋಗಿ ನಿಂತುಬಿಟ್ಟರು. ನಮ್ಮ ನಡುವೆ ಅವರ ಜಾಗ ಖಾಲಿಯಾಯಿತು.

ನಾನು ಆ ಖಾಲಿ ಸೀಟಿಗೆ ಸರಿದು ಕೂತೆ.

"ನೋಡೋಣ ಬನ್ನಿ ಅಮ್ಮ" ಎಂದೆ. "ಇಬ್ರೂ ಒಟ್ಟಿಗೆ ನೋಡೋಣ."